ಭಾನುವಾರ ಗೊತ್ತಿಲ್ಲದ ಗಡಿಯಾರ

ಆ ಎರಡು ಪುಟಗಳನ್ನು ಅಂಬುಜಾ ಎಷ್ಟು ಸಲ ಓದಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಲಂಡನ್ನಿನ ಹ್ಯಾರೋದ ಫ್ಲ್ಯಾಟಿನಲ್ಲಿ ಒಗ್ಗರಣೆ ಹಾಕುತ್ತಾ ಓದಿದಳು, ಟ್ಯೂಬ್ ರೈಲಿನಲ್ಲಿ ಕಂಬ ಹಿಡಿದು ನಿಂತು ಓದಿದಳು, ಜಿಪಿ ಡಾಕ್ಟರ ಹತ್ತಿರ ಬಿಪಿ ತೋರಿಸಲು ಹೋದಾಗ ಕಾಯುವ ಕುರ್ಚಿಯಲ್ಲಿ ಕೂತೂ ಓದಿದಳು. ಅವತ್ತು ಬಿಪಿ ಜಾಸ್ತಿಯೇ ಬಂತು. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುತ್ತಿದ್ದ ಗಂಡ ಶಂಕರನಿಗೆ ಕೇಳಿ ಕೇಳಿಯೇ ಅರ್ಧ ಬಂದುಬಿಟ್ಟಿತ್ತು.

“ಮೂರನೇ ಸಾಲಲ್ಲಿ ಒಂದು ಉಸಿರು ತಗೋ ಕಣೇ. ಇಲ್ಲಾಂದ್ರೆ ಲಾಂಡ್ರಿ ಅಂಗಡಿ ಬರೋ ಹೊತ್ಗೆ ಏದುಸಿರು ಬಿಡ್ತೀಯ,” ಎಂದು ಅವನು ಶೂ ಬಿಚ್ಚುತ್ತಾ ಸಲಹೆ ಕೊಡುತ್ತಿದ್ದ.

“ಅಮ್ಮಾ, ಇಟ್ಸ್ ಓನ್ಲಿ ಟೂ ಪೇಜಸ್!” ಎನ್ನುತ್ತಿದ್ದಳು ಮಗಳು ಪ್ರಾಚಿ. ಅಕ್ಸ್‌ಬ್ರಿಡ್ಜ್‌ನಲ್ಲಿ ಓದುವ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

“ನಿಂಗೇನಮ್ಮ, ಇಲ್ಲೇ ನರ್ಸರಿಗೆ ಹೋದೋಳು. ನಂದು ನಂಜನಗೂಡಿನ ಐದನೇ ಕ್ಲಾಸು. ಅದೂ ಪರೀಕ್ಷೆ ದಿನ ಜ್ವರ.”

ವಿಷಯ ಇಷ್ಟೇ. ಫಿಂಚ್ಲಿಯ ಯಹೂದಿ ಸಮುದಾಯ ಭವನದಲ್ಲಿ ಆ ಭಾನುವಾರ ಪುಸ್ತಕ ಮೇಳ. ಬೆಳಿಗ್ಗೆಯಿಂದ ಪುಸ್ತಕದ ಅಂಗಡಿಗಳು, ಲೇಖಕರ ಮಾತು, ಸಂಜೆ ಸಿನಿಮಾ. ಆ ಭವನದ ಅಡುಗೆಮನೆಯಲ್ಲಿ ಅಂಬುಜಾ ಹದಿನಾರು ವರ್ಷದಿಂದ ಕೆಲಸಕ್ಕಿದ್ದಳು. ಪ್ರತಿ ವರ್ಷ ಮೇಳಕ್ಕೆ ಅವಳ ಪಾಲಿನ ಕೆಲಸವೆಂದರೆ ಕಾಫಿ, ಚೀಸ್‌ಕೇಕು, ಮೊಟ್ಟೆ ಸ್ಯಾಂಡ್‌ವಿಚ್. ಈ ವರ್ಷ ಮಾತ್ರ ಮೂರು ಗಂಟೆಗೆ ಏಪ್ರನ್ ಬಿಚ್ಚಿಟ್ಟು ವೇದಿಕೆ ಹತ್ತಬೇಕಿತ್ತು. ರೂತಮ್ಮ ತನ್ನ ಪುಸ್ತಕದ ಎರಡು ಪುಟ ಓದು ಎಂದು ಕೇಳಿದ್ದಳು.

ರೂತಮ್ಮ ಎಂದರೆ ರೂತ್ ಫೀಲ್ಡ್‌ಮನ್, ಎಪ್ಪತ್ತನಾಲ್ಕು ವರ್ಷದ ರಿಟೈರ್ಡ್ ಟೀಚರು. ಸತ್ತುಹೋದ ತನ್ನ ತಾಯಿಯ ಬಗ್ಗೆ ಏಳು ವರ್ಷ ಕೂತು ಒಂದೇ ಒಂದು ಪುಸ್ತಕ ಬರೆದಿದ್ದಳು. ಅದು ಅಚ್ಚಾಗಿ ಬರುವ ಹೊತ್ತಿಗೆ ಅವಳ ಕಣ್ಣು ಕೈಕೊಟ್ಟಿತ್ತು. ಪೂರ್ತಿ ಕುರುಡಲ್ಲ, ಎದುರಿಗಿದ್ದವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಪುಟದ ಅಂಚು ಕಾಣುತ್ತಿತ್ತು, ಅಕ್ಷರವಿಲ್ಲ.

ಮೇಳದ ಉಸ್ತುವಾರಿ ನೋಡುವ ನಯೋಮಿ ಒಳ್ಳೆಯ ಹುಡುಗಿಯೇ. “ಒಬ್ಬ ನಟಿಯನ್ನು ಕರೆಸೋಣ ರೂತ್. ಚೆನ್ನಾಗಿ ಓದುತ್ತಾಳೆ,” ಎಂದಿದ್ದಳು.

“ನನ್ನ ತಾಯಿಗೆ ಇಂಗ್ಲಿಷ್ ಹುಟ್ಟಿನಿಂದ ಬಂದದ್ದಲ್ಲ. ಕಲಿತು ಬಂದದ್ದು. ಕಲಿತವರೇ ಓದಬೇಕು. ಅಂಬು ಓದುತ್ತಾಳೆ,” ಎಂದಳಂತೆ ರೂತಮ್ಮ. ಅಂಬುವನ್ನು ಕೇಳುವ ಮೊದಲೇ!

ಅಂಬುಜಾಳಿಗೆ ಆ ಇಂಗ್ಲಿಷ್ ಕಲಿಸಿದವಳೂ ಅವಳೇ.

ಕೆಲಸಕ್ಕೆ ಸೇರಿದ ಮೊದಲ ತಿಂಗಳ ಮಾತು. ಹಾಲೂ ಮಾಂಸವೂ ಒಂದಕ್ಕೊಂದು ಸೋಕಬಾರದೆಂಬುದು ಯಹೂದಿಗಳ ಮಡಿ. ಆ ಅಡುಗೆಮನೆಯಲ್ಲಿ ಹಾಲಿನದೇ ಒಂದು ಕಡೆ, ಮಾಂಸದ್ದೇ ಒಂದು ಕಡೆ. ಪಾತ್ರೆ, ಸೌಟು, ಸಿಂಕು, ಒರೆಸುವ ಬಟ್ಟೆ ಎಲ್ಲ ಬೇರೆ ಬೇರೆ. ಹಾಲಿಗೆ ನೀಲಿ, ಮಾಂಸಕ್ಕೆ ಕೆಂಪು. ಅಂಬುಜಾ ಹಾಲಿನ ಕಡೆಯವಳು. ಒಂದು ದಿನ ಉಜ್ಜಿ ಉಜ್ಜಿ ಬಣ್ಣ ಹೋಗಿದ್ದ ಒಂದು ಸೌಟು ಕೈಗೆ ಸಿಕ್ಕಿತು. ಹಿಡಿಯ ಮೇಲೆ ಚೀಟಿ ಅಂಟಿಸಿ ಬರೆದಿತ್ತು. ಓದಲು ಬಂದರೆ ತಾನೇ? ಅದನ್ನೇ ತೆಗೆದುಕೊಂಡು ನಲವತ್ತು ಜನರ ಹಾಲಿನ ಗಂಜಿಗೆ ಅದ್ದಿಬಿಟ್ಟಳು. ಅದು ಮಾಂಸದ ಸೌಟು. ಗಂಜಿ ಹೋಯಿತು, ಸೌಟು ಹೋಯಿತು, ಪಾತ್ರೆಯನ್ನು ಮೇಲ್ವಿಚಾರಕರು ಎತ್ತಿ ಬೇರೆ ಇಟ್ಟರು. ಯಾರೂ ಬಯ್ಯಲಿಲ್ಲ, ಅದೇ ಹೆಚ್ಚು ನೋವಾಯಿತು. ಯಾಕೆಂದರೆ ತಪ್ಪು ಎಂಥದ್ದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅನ್ನದ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟಿದರೆ “ಮುಸುರೆ ಮಾಡಿದ್ಯಲ್ಲೇ!” ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದ ಅಜ್ಜಿಯ ಕೈಯಲ್ಲಿ ಬೆಳೆದವಳು ಅವಳು. ಹಿತ್ತಲ ಬಾಗಿಲಲ್ಲಿ ನಿಂತು ಅತ್ತಳು.

ಬುಧವಾರಗಳಂದು ಭವನಕ್ಕೆ ಬರುತ್ತಿದ್ದ ರೂತಮ್ಮ, ಕಾಫಿ ಕಪ್ಪನ್ನು ತೊಳೆಯಲು ಇಡಲೆಂದು ಬಂದವಳು, ಅದನ್ನು ನೋಡಿದಳು. ಡಬ್ಬಿಗಳ ಮುಂದೆ ಕರೆದುಕೊಂಡು ಹೋಗಿ, ಒಂದು ಡಬ್ಬಿ ಎತ್ತಿ, ಚೀಟಿಯ ಮೇಲೆ ಬೆರಳಿಟ್ಟು ಓದಿದಳು. “ಸಾಲ್ಟ್. ಹೇಳು.”

“ಸಾಲ್ಟ್,” ಎಂದಳು ಅಂಬುಜಾ, ಮೂಗು ಒರೆಸಿಕೊಂಡು.

ಮುಂದಿನ ಬುಧವಾರ ಸಕ್ಕರೆ. ಅದರ ಮುಂದಿನ ಬುಧವಾರ ಮೈದಾ, ಬೇಕಿಂಗ್ ಪೌಡರ್. ಹೀಗೆ ಡಬ್ಬಿ ಮುಗಿದು ನೋಟಿಸ್ ಬೋರ್ಡು, ಬೋರ್ಡು ಮುಗಿದು ಕೌನ್ಸಿಲ್ ಕಾಗದ, ಕಾಗದ ಮುಗಿದು ಪುಸ್ತಕ. ಹದಿನಾರು ವರ್ಷದ ಬುಧವಾರಗಳು. ಅಂಬುಜಾ ಥ್ಯಾಂಕ್ಸ್ ಎಂದು ಬಾಯಿ ತೆಗೆದರೆ ಸಾಕು, ರೂತಮ್ಮ ಕೈ ಅಡ್ಡ ಹಿಡಿದು ಕನ್ನಡದಲ್ಲಿ “ಸಾಕು, ಸಾಕು” ಎನ್ನುತ್ತಿದ್ದಳು. ಆ ಪದ ಕಾಫಿ ಬಗ್ಗಿಸುವಾಗ ಅಂಬುಜಾಳಿಂದಲೇ ಕಲಿತದ್ದು. ಇನ್ನೊಂದು “ಪರವಾಗಿಲ್ಲ”. ಇವೆರಡರಲ್ಲೇ ಇಡೀ ಕನ್ನಡನಾಡು ಸುತ್ತಿ ಬರುತ್ತೇನೆ ಎನ್ನುತ್ತಿದ್ದಳು.

ಹಾಗಾಗಿ ಹೇಳದೇ ಉಳಿದ ಥ್ಯಾಂಕ್ಸ್ ಅಂಬುಜಾಳ ಎದೆಯಲ್ಲಿ ಹದಿನಾರು ವರ್ಷ ಹಳೆಯದಾಗಿತ್ತು. ಈ ಎರಡು ಪುಟವನ್ನು ತಡವರಿಸದೆ ಓದಿದರೆ ಅದೇ ನನ್ನ ನಮಸ್ಕಾರ ಎಂದುಕೊಂಡಿದ್ದಳು. ತಡವರಿಸಿದರೆ? ಇನ್ನೂರು ಜನರ ಮುಂದೆ ರೂತಮ್ಮನ ಏಳು ವರ್ಷದ ಶ್ರಮ, ಆ ಮುದುಕಿಯ ತಾಯಿ, ಎರಡನ್ನೂ ನೀರುಪಾಲು ಮಾಡಿದಂತೆ. ಆಗ ಅವಳು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಮಗ್ಗಿ ಕಲಿತ ಹಾಗೆ, ಶಾಲೆಯ ಪದ್ಯ ಕಲಿತ ಹಾಗೆ, ಎರಡೂ ಪುಟಗಳನ್ನು ಬಾಯಿಪಾಠ ಮಾಡಿದಳು. ಪುಸ್ತಕ ಕೈಯಲ್ಲಿರಲಿ, ಕಣ್ಣು ಮೋಸ ಮಾಡಿದರೆ ನಾಲಗೆ ಕಾಯುತ್ತದೆ.

ಈಗ ಶುಕ್ರವಾರದ ಮಾತಿಗೆ ಬರೋಣ. ಆವತ್ತು ನಡೆದದ್ದನ್ನು ಹೇಳದಿದ್ದರೆ ಭಾನುವಾರದ್ದು ಅರ್ಥವಾಗುವುದಿಲ್ಲ.

ಭವನದ ಕೇರ್‌ಟೇಕರ್ ಗಿಲ್ಬರ್ಟ್, ಉಡುಪಿ ಹತ್ತಿರ ಶಿರ್ವದವರು. ಮನೆಯಲ್ಲಿ ಕೊಂಕಣಿ, ಅಂಬುಜಾಳ ಜೊತೆ ಮಂಗಳೂರು ಕನ್ನಡ. ಇಬ್ಬರೂ ಸೇರಿದರೆ ಅಡುಗೆಮನೆಯಲ್ಲಿ ಒಂದು ಸಣ್ಣ ಕರ್ನಾಟಕ, ಜಗಳ ಸಮೇತ. ಶುಕ್ರವಾರ ಮಧ್ಯಾಹ್ನ ಅವರು ಕೋಟು ಹಾಕಿಕೊಂಡು ಬಂದು ನಿಂತರು.

“ಅಂಬುಜಕ್ಕ, ಒಂದು ಉಪಕಾರ ಆಗ್ಬೇಕಿತ್ತಲ್ಲ. ತಂಗಿಯ ಮಗಳು ವೆನಿಶಾಳ ಮದುವೆಯ ರೋಸ್ ಶಾಸ್ತ್ರ ಉಂಟು ಇವತ್ತು ಕ್ರೋಯ್ಡನ್‌ನಲ್ಲಿ. ನಾನೇ ಮಾವ. ತೆಂಗಿನಹಾಲು ಹಚ್ಲಿಕ್ಕೆ ಮಾವನೇ ಇಲ್ಲದಿದ್ರೆ ಹೇಗೆ?”

“ಹೋಗ್ಬನ್ನಿ ಗಿಲ್ಬರ್ಟಣ್ಣ. ಮದುವೆ ಹುಡುಗೀನ ನೆನೆಸ್ಬಿಟ್ಟು ಬನ್ನಿ. ನಾನೇನ್ ಮಾಡ್ಬೇಕು?”

“ಗಡಿಯಾರ ಸ್ವಲ್ಪ ನೀವು ಇಡ್ತೀರಾ?”

ಗಡಿಯಾರವೆಂದರೆ ಗೋಡೆಯದಲ್ಲ. ದೊಡ್ಡ ಸಭಾಂಗಣದ ಹಿಂದೆ ಒಂದು ಬೀರು, ಅದರೊಳಗೆ ದೀಪದ ಗಡಿಯಾರ. ಶುಕ್ರವಾರ ಸೂರ್ಯ ಮುಳುಗಿದರೆ ಇವರಿಗೆ ಶಬ್ಬಾತ್ ಶುರು. ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಕೆಲಸವಿಲ್ಲ, ಬೆಂಕಿಯಿಲ್ಲ, ಸ್ವಿಚ್ ಕೂಡ ಮುಟ್ಟುವಂತಿಲ್ಲ. ಅದಕ್ಕೇ ಮೊದಲೇ ಗಡಿಯಾರದ ಸಣ್ಣ ಕಡ್ಡಿಗಳನ್ನು ಒತ್ತಿಟ್ಟರೆ ದೀಪಗಳು ತಾವಾಗಿ ಹತ್ತುತ್ತವೆ, ತಾವಾಗಿ ಆರುತ್ತವೆ. ಮರೆತು ಯಾರೂ ಮುಟ್ಟದಿರಲಿ ಎಂದು ಗೋಡೆಯ ಸ್ವಿಚ್ಚಿಗೆ ಟೇಪು.

“ಸಂಜೆ ಐದಕ್ಕೆ ಹತ್ಬೇಕು, ಒಂಬತ್ತಕ್ಕೆ ಆರ್ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಹತ್ತಿ, ನಾಳೆ ಊಟ ಮುಗಿದ ಮೇಲೆ ಮೂರೂವರೆಗೆ ಆರ್ಬೇಕು. ಮತ್ತೆ, ಕೇಳಿ ಇಲ್ಲಿ, ನಾಳೆ ಸಂಜೆ ಮೇಜು ಜೋಡಿಸ್ಲಿಕ್ಕೆ ನೀವೇ ಬರುದಲ್ಲ? ಶಬ್ಬಾತ್ ಮುಗಿದ ಕೂಡ್ಲೇ ಅದನ್ನು ತೆಗ್ದುಬಿಡಿ. ಅದಕ್ಕೆ ವಾರ ಗೊತ್ತಿಲ್ಲ. ದಿನಾ ಹಾಗೇ ಮಾಡ್ತದೆ.”

“ಆಯ್ತು ಬಿಡಿ, ಅಷ್ಟೂ ಗೊತ್ತಾಗಲ್ವಾ ನಂಗೆ?”

“ನಿಮ್ಮ ಮಂಡೆಯಲ್ಲಿ ಈಗ ಪುಸ್ತಕ ಬಿಟ್ರೆ ಬೇರೆ ಎಂತ ಉಂಟು ಮಾರಾಯ್ರೆ, ಅದಕ್ಕೆ ಹೇಳಿದ್ದು.”

ಇಡುವುದನ್ನೇನೋ ಸರಿಯಾಗಿಯೇ ಇಟ್ಟಳು. ಶನಿವಾರ ಸಂಜೆ ಶಬ್ಬಾತ್ ಮುಗಿದ ಮೇಲೆ ಜನ ಸೇರಿ ಮೇಜು ಎಳೆದರು, ಪುಸ್ತಕದ ರಟ್ಟಿನ ಪೆಟ್ಟಿಗೆ ಬಿಚ್ಚಿದರು, ಸಿನಿಮಾಕ್ಕೆಂದು ಕಿಟಕಿಗಳಿಗೆ ದಪ್ಪ ಕಪ್ಪು ಪರದೆ ಕಟ್ಟಿದರು. ಒಂದು ಹಳೆಯ ಪ್ರಾರ್ಥನೆ ಪುಸ್ತಕ ಮೇಜಿಂದ ಜಾರಿ ಬಿತ್ತು. ಅಂಬುಜಾ ಥಟ್ಟನೆ ಎತ್ತಿ ಕಣ್ಣಿಗೊತ್ತಿಕೊಂಡಳು. ಪಕ್ಕದಲ್ಲಿದ್ದ ಹೆಂಗಸು ಅದನ್ನು ಇಸಿದುಕೊಂಡು ಮುತ್ತಿಟ್ಟು ಮೇಲಿಟ್ಟಳು. ಬಿದ್ದ ಪುಸ್ತಕಕ್ಕೆ ಅವರಲ್ಲಿ ಹಾಗೆ. ಇಬ್ಬರೂ ಮುಖ ಮುಖ ನೋಡಿ ನಕ್ಕರು. ಆಮೇಲೆ ಅಂಬುಜಾ ಖಾಲಿ ವೇದಿಕೆಯ ಮೇಲೆ ಹತ್ತಿ ಇಳಿದು, ಇಳಿದು ಹತ್ತಿ, ತುಟಿಯಲ್ಲೇ ಎರಡು ಪುಟ ಒಪ್ಪಿಸಿಕೊಂಡಳು. ದೀಪ ಚೆನ್ನಾಗಿ ಉರಿಯುತ್ತಿತ್ತು. ಎಂಟೂವರೆಗೆ ಕೋಟು ಹಾಕಿಕೊಂಡು ಮನೆಗೆ ಹೋದಳು.

ಬೀರುವಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಭಾನುವಾರ ಭವನಕ್ಕೆ ಭವನವೇ ತುಂಬಿಹೋಯಿತು. ತಳ್ಳುಗಾಡಿಯ ಕೂಸುಗಳು, ಊರುಗೋಲಿನ ತಾತಂದಿರು, ಒಂದೇ ಪುಸ್ತಕವನ್ನು ಇಬ್ಬರು ಹಿಡಿದು “ನಾನು ಮೊದಲು ನೋಡಿದ್ದು” ಎಂದು ವಾದಿಸುವ ಗೆಳತಿಯರು. ಒಬ್ಬಾತ ಅಡುಗೆ ಪುಸ್ತಕದ ಲೇಖಕಿಯ ಎದುರೇ ನಿಂತು, ಸೂಪಿಗೆ ತನ್ನ ತಾಯಿ ಹಾಕುತ್ತಿದ್ದುದು ಬೇರೆಯೇ ಎಂದು ಹದಿನೈದು ನಿಮಿಷ ಪಾಠ ಮಾಡಿದ. ಅಂಬುಜಾ ಕಾಫಿ ಕೊಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಈ ಜನ ಮಾತಾಡುವ ರೀತಿಯೇ ಅವಳಿಗೆ ಇಷ್ಟ. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಬದಲು ಇನ್ನೊಂದು ಪ್ರಶ್ನೆ ಬರುತ್ತದೆ, ಥೇಟ್ ತನ್ನ ಅಜ್ಜಿಯ ಹಾಗೆ.

ಮೂರಕ್ಕೆ ಐದು ನಿಮಿಷವಿದ್ದಾಗ ಏಪ್ರನ್ ಬಿಚ್ಚಿದಳು. ಒಳಗೆ ಮೈಸೂರು ಸಿಲ್ಕು, ಗಿಳಿಹಸಿರು. ಗಿಲ್ಬರ್ಟ್ ಸಿನಿಮಾ ಯಂತ್ರದ ಹತ್ತಿರ ನಿಂತಿದ್ದವರು ಹುಬ್ಬು ಏರಿಸಿದರು.

“ಓಹೋ! ಓದ್ಲಿಕ್ಕೆ ಹೋಗುದಾ, ಮದುವೆ ಹೆಣ್ಣಾ?”

“ಸುಮ್ನಿರಿ ಗಿಲ್ಬರ್ಟಣ್ಣ, ಮೊದ್ಲೇ ಕಾಲು ನಡುಗ್ತಾ ಇದೆ.”

“ಕಾಲು ನಡುಗಿದ್ರೆ ಎಂತ? ಓದುದು ಬಾಯಲ್ಲಿ ಅಲ್ವಾ?”

ರೂತಮ್ಮ ವೇದಿಕೆಯ ಕುರ್ಚಿಯಲ್ಲಿ ಕೂತು ಮೊದಲು ತಾನೇ ಮಾತಾಡಿದಳು. ಏಳು ವರ್ಷ ಯಾಕಾಯಿತು ಎಂದರೆ, ಮೊದಲ ಐದು ವರ್ಷ ಪೆನ್ಸಿಲ್ ಚೂಪು ಮಾಡಿದೆ ಎಂದಳು. ಜನ ನಕ್ಕರು. ಮೂರು ಇಪ್ಪತ್ತೈದಕ್ಕೆ ಪಕ್ಕಕ್ಕೆ ಕೈಚಾಚಿ, “ಈಗ ಅಂಬು ಓದುತ್ತಾಳೆ,” ಎಂದಳು.

ಅಂಬುಜಾ ಎದ್ದು ನಿಂತಳು. ಮುಂದಿನ ಸಾಲಿನಲ್ಲಿ ಪ್ರಾಚಿ ಫೋನು ಹಿಡಿದು ಕೂತಿದ್ದು ಕಂಡಿತು. ಮೊದಲನೇ ಪದ ಹೊರಗೆ ಬರಲು ಒಂದು ಯುಗ ಹಿಡಿಯಿತು. ಎರಡನೆಯದು ಅದರ ಬೆನ್ನಿಗೇ ಬಂತು. ಶಂಕರ ಹೇಳಿದ ಹಾಗೆ ಮೂರನೇ ಸಾಲಲ್ಲಿ ಉಸಿರು ತೆಗೆದುಕೊಂಡಳು.

ಅವಳು ಓದಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ರೂತಮ್ಮನ ತಾಯಿ ಲೊಟ್ಟೆ ಹತ್ತು ವರ್ಷದವಳಿದ್ದಾಗ, ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ಯಹೂದಿಗಳನ್ನು ಬೇಟೆಯಾಡುತ್ತಿದ್ದ ದೇಶದಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಒಬ್ಬಳೇ ರೈಲು ಹತ್ತಿ, ಹಡಗು ಹತ್ತಿ ಲಂಡನ್ನಿಗೆ ಬಂದಳು. ಅವರನ್ನು ಮತ್ತೆ ನೋಡಲಿಲ್ಲ. ಒಂದಕ್ಷರ ಇಂಗ್ಲಿಷ್ ಬಾರದು. ಆಶ್ರಯ ಕೊಟ್ಟ ಮನೆಯ ಎದುರಿಗೊಂದು ಲಾಂಡ್ರಿ ಅಂಗಡಿ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಈ ಹುಡುಗಿ ಬಾಗಿಲಲ್ಲಿ ನಿಲ್ಲುವುದನ್ನು ನೋಡಿ ಒಳಗೆ ಕರೆದಳು. ಸೋಪಿನ ಡಬ್ಬಿ ಕಡೆ ಮೊಣಕೈ ತೋರಿಸಿ, ಓದು ಎಂದಳು.

ಇಲ್ಲಿಗೆ ಬಂದಿದ್ದಳು ಅಂಬುಜಾ. ಮುಂದಿನ ಸಾಲಿಗೆ ಬಾಯಿ ತೆರೆಯಬೇಕು, ಟಕ್ ಎಂದು ಎಲ್ಲೋ ಒಂದು ಸದ್ದಾಯಿತು.

ದೀಪ ಹೋಯಿತು.

ಒಂದಲ್ಲ ಎರಡಲ್ಲ, ಅಷ್ಟೂ ದೀಪ. ಕಪ್ಪು ಪರದೆ ಕಟ್ಟಿದ ಸಭಾಂಗಣ. ದೂರದಲ್ಲಿ ಹೊರಬಾಗಿಲ ಮೇಲಿನ ಹಸಿರು ಚೌಕ ಬಿಟ್ಟರೆ ಏನೇನೂ ಕಾಣದು. ಕೈಯಲ್ಲಿದ್ದ ಪುಸ್ತಕ ಕೂಡ.

ಅಂಬುಜಾಳಿಗೆ ಆ ಕ್ಷಣದಲ್ಲೇ ಎಲ್ಲವೂ ಹೊಳೆಯಿತು. ಮೂರೂವರೆ. ಬೀರು. ಕಡ್ಡಿಗಳು. ಅಯ್ಯೋ ದೇವರೇ, ಆ ಸೌಟು ಅದ್ದಿದ ಕೈಯೇ ಇದು! ಹದಿನಾರು ವರ್ಷ ಕಲಿತು ಮತ್ತೆ ಅದೇ ಮನೆಯಲ್ಲಿ, ಅದೇ ಕೈಯಿಂದ.

ಕತ್ತಲಲ್ಲಿ ಒಬ್ಬ ತಾತನ ಸ್ವರ ಕೇಳಿತು: “ಶಬ್ಬಾತ್ ಗಡಿಯಾರ! ಇವತ್ತು ಭಾನುವಾರ ಅಂತ ಅದಕ್ಕೆ ಯಾರೂ ಹೇಳಲಿಲ್ಲವೇ?” ಸಭಾಂಗಣದ ತುಂಬ ನಗು ಹರಡಿತು. ಆಮೇಲೊಂದು ವಿಚಿತ್ರ ನಡೆಯಿತು. ಬೇರೆ ಯಾರ ಸಭೆಯಲ್ಲಾದರೂ ಗಲಿಬಿಲಿ ಆಗುತ್ತಿತ್ತು, ಕುರ್ಚಿ ಸರಿಯುತ್ತಿತ್ತು. ಇಲ್ಲಿ ಯಾರೂ ಏಳಲಿಲ್ಲ. ಶುಕ್ರವಾರದ ಊಟ ಉದ್ದವಾದರೆ, ಮಾತು ಮುಗಿಯುವ ಮುಂಚೆ ಗಡಿಯಾರ ದೀಪ ಆರಿಸಿದರೆ, ಹುಟ್ಟಿದಂದಿನಿಂದ ಕತ್ತಲಲ್ಲೇ ಕೂತು ಮಾತು ಮುಂದುವರಿಸಿದ ಜನ ಅವರು. ಸ್ವಿಚ್ಚಿಗೆ ಕೈ ಹೋಗುವುದೇ ಇಲ್ಲ. ನಗು ಇಳಿಯಿತು. ಇನ್ನೂರು ಜನ ಕತ್ತಲಲ್ಲಿ ಹಾಯಾಗಿ ಕೂತು ಕಾಯತೊಡಗಿದರು.

ಪಕ್ಕದಿಂದ ಒಂದು ತಣ್ಣನೆಯ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು.

“ಪರವಾಗಿಲ್ಲ,” ಎಂದಳು ರೂತಮ್ಮ, ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ, “ನನಗೇನೂ ವ್ಯತ್ಯಾಸ ಕಾಣುತ್ತಿಲ್ಲ ನೋಡು.”

ಅಂಬುಜಾ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. ಒಗ್ಗರಣೆಯ ಜೊತೆ ಓದಿದ್ದು, ಟ್ಯೂಬಿನ ಕಂಬದ ಜೊತೆ ಓದಿದ್ದು, ಬಿಪಿಯ ಜೊತೆ ಓದಿದ್ದು ಎಲ್ಲ ಸಾಲಾಗಿ ನಾಲಗೆಗೆ ಬಂದು ನಿಂತಿತು.

“ಸೋಪ್,” ಎಂದಳು. “ನನ್ನ ತಾಯಿಯ ಮೊದಲ ಇಂಗ್ಲಿಷ್ ಪದ ಸೋಪ್.”

ಕತ್ತಲಲ್ಲಿ ಅವಳ ದನಿಗೆ ಅಂಜಿಕೆ ಇರಲಿಲ್ಲ. ನೋಡುವವರೇ ಇಲ್ಲದ ಮೇಲೆ ಅಂಜಿಕೆ ಯಾರಿಗೆ? ಹುಡುಗಿ ನೀಲಿ ಪುಡಿಯ ಪೊಟ್ಟಣ ಓದಿದ್ದು, ಗಂಜಿಪುಡಿಯ ಚೀಲ ಓದಿದ್ದು, ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ಗಿರಾಕಿಗಳ ಚೀಟಿ ಓದಿ ಬಟ್ಟೆ ಜೋಡಿಸಿದ್ದು ಬಂತು. ನನಗೆ ಯಾಕೆ ಕಲಿಸಿದೆ ಎಂದು ಹುಡುಗಿ ಕೇಳಿದ್ದಕ್ಕೆ ಆ ಹೆಂಗಸು, “ಕೈ ಒದ್ದೆಯಾಗಿತ್ತು, ಬಾಯಿ ಬಿಡುವಾಗಿತ್ತು,” ಎಂದದ್ದು ಬಂದಾಗ ಕತ್ತಲೆಲ್ಲ ನಕ್ಕಿತು. ಮುಂದೆ ಬಾಂಬು ಬಿತ್ತು. ಬೇರೆ ಊರಿಗೆ ಕಳಿಸಿದ್ದ ಹುಡುಗಿ ಥ್ಯಾಂಕ್ಸ್ ಹೇಳಲೆಂದು ವಾಪಸು ಬಂದಾಗ ಅಂಗಡಿ ಇರಲಿಲ್ಲ, ಬೀದಿಯೂ ಇರಲಿಲ್ಲ. “ನನ್ನ ತಾಯಿ ಸಾಯುವವರೆಗೂ ಖಾಲಿ ಸೋಪಿನ ಡಬ್ಬಿ ಎಸೆಯುವ ಮುಂಚೆ ಅದರ ಮೇಲಿದ್ದದ್ದನ್ನು ಒಂದು ಸಲ ಗಟ್ಟಿಯಾಗಿ ಓದುತ್ತಿದ್ದಳು. ಕೊನೆಯ ಅಕ್ಷರದವರೆಗೆ.”

ಪುಟ ಅಲ್ಲಿಗೆ ಮುಗಿಯಿತು. ಆದರೆ ಅಂಬುಜಾ ನಿಲ್ಲಿಸಲಿಲ್ಲ.

ಮುಂದಿನದು ಬಾಯಿಪಾಠವಲ್ಲ. ಸರಿಯೋ ತಪ್ಪೋ, ಅವಳದೇ ಇಂಗ್ಲಿಷು.

“ನಾನು ಇಲ್ಲಿ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಈ ಗಡಿಯಾರ ಇಟ್ಟವಳು ನಾನೇ, ತೆಗೆಯಲು ಮರೆತವಳೂ ನಾನೇ. ಕ್ಷಮಿಸಿ. ಇನ್ನೊಂದು ಮಾತು. ನನ್ನ ಮೊದಲ ಇಂಗ್ಲಿಷ್ ಪದ ಸಾಲ್ಟ್. ಅದನ್ನು ಕಲಿಸಿದವರು ಇಲ್ಲಿ ನನ್ನ ಕೈ ಹಿಡಿದು ಕೂತಿದ್ದಾರೆ. ಥ್ಯಾಂಕ್ಸ್ ಅಂದರೆ ಸಾಕು ಸಾಕು ಅನ್ನುತ್ತಾರೆ. ಲೊಟ್ಟೆ ಅಮ್ಮನಿಗೆ ಬೀದಿ ಸಿಗಲಿಲ್ಲ. ನನಗೆ ಸಿಕ್ಕಿದೆ. ಅದಕ್ಕೆ ಇವತ್ತು ಹೇಳಿಯೇ ಹೇಳುತ್ತೇನೆ. ಥ್ಯಾಂಕ್ಯೂ, ರೂತಮ್ಮ.”

ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. ಸಾಕು ಎಂಬ ಮಾತು ಬರಲಿಲ್ಲ.

ಅಷ್ಟು ಹೊತ್ತಿಗೆ ಗಿಲ್ಬರ್ಟ್ ತಡಕಾಡಿಕೊಂಡು, ದಾರಿಯಲ್ಲಿ ಎರಡು ಕುರ್ಚಿ ಬೀಳಿಸಿಕೊಂಡು, ಬೀರು ತಲುಪಿದ್ದರು. ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಜನ ಕಣ್ಣು ಕಿರಿದು ಮಾಡಿಕೊಂಡೇ ಚಪ್ಪಾಳೆ ತಟ್ಟುತ್ತಿದ್ದರು. ರೂತಮ್ಮನ ಕೆನ್ನೆ ಒದ್ದೆಯಾಗಿತ್ತು. ಪ್ರಾಚಿ ಫೋನು ಮಡಿಲಲ್ಲಿ ಬಿಟ್ಟು ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡಿದ್ದಳು. ವೇದಿಕೆ ಇಳಿದ ತಾಯಿಯನ್ನು ತಬ್ಬಿಕೊಂಡವಳು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: “ಅಮ್ಮ, ಚೆನ್ನಾಗಿ ಓದ್ದೆ.”

“ಓದ್ಲಿಲ್ವಲ್ಲೇ,” ಎಂದಳು ಅಂಬುಜಾ. “ಕಾಣ್ತಿದ್ರೆ ತಾನೇ ಓದೋದು?”

ಗಂಜಿ ಹಾಳು ಮಾಡಿದ ದಿನದ ಮೇಲ್ವಿಚಾರಕರು ಈಗ ನೆರೆತ ಗಡ್ಡದ ತಾತ. ಕಾಫಿಗೆ ಬಂದವರು ಮುಖ ಗಂಭೀರ ಮಾಡಿಕೊಂಡು, “ಸೌಟು, ಆಮೇಲೆ ಗಡಿಯಾರ. ಇನ್ನು ಹದಿನಾರು ವರ್ಷಕ್ಕೆ ಏನು ಕಾದಿದೆಯೋ,” ಎಂದು ಹೇಳಿ, ಒಂದು ತುಂಡು ಚೀಸ್‌ಕೇಕು ಜಾಸ್ತಿ ಕೇಳಿ ಹಾಕಿಸಿಕೊಂಡರು.

ಪುಸ್ತಕಕ್ಕೆ ಸಹಿ ಹಾಕಿಸಲು ಸಾಲು ಬಾಗಿಲವರೆಗೆ ನಿಂತಿತ್ತು. ರೂತಮ್ಮನಿಗೆ ಸಹಿ ಎಲ್ಲಿ ಹಾಕಬೇಕೆಂದು ಕಾಣದು. ಅಂಬುಜಾ ಪಕ್ಕದಲ್ಲಿ ಕೂತು ಪ್ರತಿ ಪುಸ್ತಕದಲ್ಲೂ ಅವಳ ಬೆರಳನ್ನು ಸರಿಯಾದ ಜಾಗಕ್ಕೆ ಒಯ್ದಿಟ್ಟಳು.

“ಬುಧವಾರ ಬರ್ತೀಯಲ್ಲ?” ಎಂದಳು ರೂತಮ್ಮ ನಡುವೆ. “ಇನ್ನು ಮೇಲೆ ಪುಸ್ತಕ ನೀನು ಹಿಡಿ, ಕಾಫಿ ನಾನು ಮಾಡುತ್ತೇನೆ.”

“ನೀವು ಸಕ್ಕರೆ ಬದಲು ಉಪ್ಪು ಹಾಕ್ತೀರ.”

“ಹಾಕಿದರೆ ಡಬ್ಬಿ ಓದಿ ಹೇಳು. ಅದಕ್ಕೇ ಕಲಿಸಿದ್ದು.”

ಸಿನಿಮಾ ಶುರುವಾದ ಮೇಲೆ, ಸಭಾಂಗಣ ಈ ಸಲ ಬೇಕೆಂದೇ ಕತ್ತಲಾದ ಮೇಲೆ, ಅಂಬುಜಾ ಅಡುಗೆಮನೆಯಿಂದ ಒಂದು ಚೀಟಿ, ದಪ್ಪ ಪೆನ್ನು ತಂದು ಬೀರುವಿನ ಮುಂದೆ ನಿಂತಳು. ಗಡಿಯಾರದ ಕಡ್ಡಿಗಳನ್ನೆಲ್ಲ ಒಂದೊಂದಾಗಿ ಎತ್ತಿದಳು. ಚೀಟಿಯ ಮೇಲೆ ಮೊದಲು ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ ಬರೆದಳು: “ಶನಿವಾರ ನಕ್ಷತ್ರ ಕಂಡ ಮೇಲೆ ತೆಗೆಯುವುದು.”

ಹಿಂದಿನಿಂದ ಗಿಲ್ಬರ್ಟ್ ಇಣುಕಿ ನೋಡಿದರು. “ಕನ್ನಡದಲ್ಲಿ ಯಾರಿಗೆ?”

“ನಮ್ಮಿಬ್ರಿಗೆ. ಓದಿ ನೋಡೋಣ, ಗಟ್ಟಿಯಾಗಿ.”

“ಸಿನಿಮಾ ನಡೀತಾ ಉಂಟು ಮಾರಾಯ್ರೆ!”

“ಮೆಲ್ಲಗೇ ಓದಿ. ಕೊನೇ ಅಕ್ಷರದವರೆಗೂ.”

ಗಿಲ್ಬರ್ಟ್ ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, ಓದಿದರು.